ಕಳೆನಾಶಕ ಹಿಡಿಯೋ ಮೀಟರು ಮೊದಲು ನಮ್ಮ ಬದುವಿಗೆ ಬರಲಿ, ಆಮೇಲೆ ಮಂಡಿಗೆ

ಈ ಸಲ ಸ್ವಲ್ಪ ಉದ್ದ ಆಗುತ್ತೆ. ಹುಳಕ್ಕೆ ಸೊಪ್ಪು ಹಾಕಿ ಬಂದು ಕೂತ್ಕೊಂಡು ಓದಿ.

ಎಲೆಯಲ್ಲಿ, ಮಣ್ಣಲ್ಲಿ, ನೀರಲ್ಲಿ ಕಳೆನಾಶಕದ ಅಂಶ ಉಳಿದಿದೆಯಾ ಅಂತ ತೋಟದಲ್ಲೇ ನಿಂತು ನೋಡೋ ಕೈಮೀಟರುಗಳ ಬಗ್ಗೆ ಈಚೆಗೆ ಮಾತು ಜಾಸ್ತಿ ಆಗಿದೆ. ಅಂಗೈಯಷ್ಟು ಡಬ್ಬಿ, ಅದಕ್ಕೊಂದು ಪಟ್ಟಿ, ಒಳಗೊಂದು ಎಲ್‌ಇಡಿ ಲೈಟು. ಎಲೆ ತೊಳೆದ ನೀರೋ, ಮಣ್ಣು ಕದಡಿ ಸೋಸಿದ ನೀರೋ ಒಂದು ಹನಿ ಬಿಟ್ಟರೆ ನಂಬರ್ ತೋರಿಸುತ್ತೆ ಅಂತಾರೆ. ಮನೇಲಿ ಶುಗರ್ ನೋಡ್ಕೊಳ್ಳೋ ಮೀಟರು ಇದ್ಯಲ್ಲ, ಅದರ ತಮ್ಮ ಅಂದ್ಕೊಳ್ಳಿ. ನಮ್ಮಲ್ಲಿ ಕೆಲವರು "ಅಯ್ಯೋ ಬಂದ್ರೆ ಸಾಕು" ಅಂತಾರೆ. ಇನ್ನು ಕೆಲವರು "ದ್ರಾಕ್ಷಿ ರೇಟು ಇಳಿಸೋಕೆ ವ್ಯಾಪಾರಿ ಕೈಗೆ ಇನ್ನೊಂದು ಕತ್ತರಿ ಕೊಟ್ಟಂಗೆ" ಅಂತಾರೆ. ಇಬ್ಬರ ಮಾತಲ್ಲೂ ಅರ್ಥ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಈ ಮೀಟರು ನಮಗೆ ಬೇಕು. ಆದರೆ ಅದು ಮೊದಲು ಯಾರ ಕೈಗೆ ಬರುತ್ತೆ ಅನ್ನೋದರ ಮೇಲೆ ಅದು ನಮಗೆ ಆಸರೆಯೋ, ನಮ್ಮ ಕುತ್ತಿಗೆಗೆ ಹಗ್ಗವೋ ಅನ್ನೋದು ತೀರ್ಮಾನ ಆಗುತ್ತೆ.

ಯಾಕೆ ಬೇಕು ಅಂತ ಮೊದಲು ಹೇಳ್ತೀನಿ. ಮೇಲೂರು ಸುತ್ತ ನಮ್ಮ ಜಮೀನು ಹೇಗಿದೆ ನಿಮಗೇ ಗೊತ್ತು. ಒಬ್ಬರದು ಮುಕ್ಕಾಲು ಎಕರೆ ದ್ರಾಕ್ಷಿ ಚಪ್ಪರ. ಪಕ್ಕದಲ್ಲಿ ಇನ್ನೊಬ್ಬರ ಸೊಪ್ಪಿನ ತೋಟ. ಅದರ ಬದುವಿಗೆ ಅಂಟಿಕೊಂಡು ರಾಗಿ, ಆಕಡೆ ಮುಸುಕಿನ ಜೋಳ, ಈಕಡೆ ಟೊಮೆಟೊ. ಒಂದೊಂದು ಬೆಳೆಗೆ ಒಂದೊಂದು ಔಷಧಿ. ರಾಗಿ ಇಪ್ಪತ್ತು ಇಪ್ಪತ್ತೈದು ದಿನದ ಪೈರಾದಾಗ ಅಗಲ ಎಲೆ ಕಳೆಗೆ 2,4-ಡಿ ಹೊಡೀತಾರೆ. ರಾಗಿಗೆ ಏನೂ ಆಗಲ್ಲ. ಆದರೆ ಅದರ ಗಾಳಿ ತಾಗಿದರೆ ದ್ರಾಕ್ಷಿ, ಟೊಮೆಟೊ ತಡೆಯಲ್ಲ. 2,4-ಡಿಗೆ ದ್ರಾಕ್ಷಿಯಷ್ಟು ಸೂಕ್ಷ್ಮದ ಬೆಳೆ ಇನ್ನೊಂದು ಹುಡುಕೋದು ಕಷ್ಟ. ಚಿಗುರು ಎಲೆ ಬೀಸಣಿಗೆ ಥರ ಮುದುಡುತ್ತೆ, ನರಗಳೆಲ್ಲ ಒಂದೇ ಕಡೆ ಎಳೆದುಕೊಂಡಂಗೆ ಆಗುತ್ತೆ, ಅಂಚು ಗರಗಸದ ಹಲ್ಲಿನಂಗೆ ಆಗುತ್ತೆ. ಅದರಲ್ಲೂ ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗಿ ದೂರ ಹೋಗುತ್ತೆ. ಸೋಡಿಯಂ ಸಾಲ್ಟ್ ರೂಪದ್ದು ಅಷ್ಟು ಹಾರಲ್ಲ. ಡಬ್ಬಿ ಮೇಲೆ ಬರೆದಿರುತ್ತೆ, ಓದೋರು ಕಮ್ಮಿ.

ಈಗ ತಕರಾರು ಎಲ್ಲಿ ಶುರುವಾಗುತ್ತೆ ನೋಡಿ. ಟೊಮೆಟೊ ಎಲೆ ಮುಟುರು ರೋಗ ಬಂದಾಗಲೂ ಚಿಗುರು ಮುದುಡುತ್ತೆ, 2,4-ಡಿ ತಾಗಿದಾಗಲೂ ಮುದುಡುತ್ತೆ. ದ್ರಾಕ್ಷಿಯಲ್ಲೂ ಎಲೆ ಬೀಸಣಿಗೆ ಆಗೋ ವೈರಸ್ ರೋಗ ಒಂದಿದೆ. ಬರೀ ಕಣ್ಣಲ್ಲಿ ನೋಡಿ ಇದು ಬಿಳಿ ನೊಣದಿಂದ ಬಂತೋ, ಪಕ್ಕದವರ ಸ್ಪ್ರೇಯಿಂದ ಬಂತೋ ಅಂತ ಎಲ್ಲರಿಗೂ ಹೇಳೋಕೆ ಆಗಲ್ಲ. ಔಷಧಿ ಅಂಗಡಿಗೆ ಎಲೆ ತಗೊಂಡು ಹೋದ್ರೆ ಅವರು ವೈರಸ್ ಅಂತ ಹೇಳಿ ಇನ್ನೊಂದು ಡಬ್ಬಿ ಕೊಡ್ತಾರೆ. ತೋಟದವನು ಪಕ್ಕದವನ ಮೇಲೆ ಹೋಗ್ತಾನೆ. ಅವನು "ನಾನು ಹೊಡೆದಿದ್ದು ಬೆಳಗ್ಗೆ ಆರಕ್ಕೆ, ಗಾಳಿನೇ ಇರ್ಲಿಲ್ಲ" ಅಂತಾನೆ. ಮಾತಿಗೆ ಮಾತು ಬೆಳೆದು, ಬದು ಒಂದೇ ಇರೋ ಅಣ್ತಮ್ಮಂದಿರು ಮದುವೆಗೆ ಕರೆಯೋದು ಬಿಟ್ಟಿದ್ದನ್ನ ನಾನು ನೋಡಿದೀನಿ. ಇಷ್ಟೆಲ್ಲ ಆಗಿದ್ದು ಒಂದು ಪರೀಕ್ಷೆ ಇಲ್ಲದೆ.

ಪರೀಕ್ಷೆನೇ ಇಲ್ಲ ಅಂತ ಅಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಔಷಧಿ ಉಳಿಕೆ ನೋಡೋ ಲ್ಯಾಬ್ ಇದೆ. ಒಳ್ಳೆ ಲ್ಯಾಬೇ. ಆದರೆ ಅಲ್ಲಿರೋದು ಕೋಟಿ ಲೆಕ್ಕದ ಯಂತ್ರಗಳು. ಒಬ್ಬ ರೈತ ಎರಡು ಚಿಗುರು ಕವರಲ್ಲಿ ಹಾಕ್ಕೊಂಡು ಬಸ್ಸಲ್ಲಿ ಹೋಗಿ ಸಾಯಂಕಾಲಕ್ಕೆ ಉತ್ತರ ತಗೊಂಡು ಬರೋ ಜಾಗ ಅದಲ್ಲ. 2,4-ಡಿ ಮಣ್ಣಲ್ಲಿ ಬಹಳ ದಿನ ನಿಲ್ಲೋ ಪೈಕಿ ಅಲ್ಲ, ಒಂದೆರಡು ವಾರದಲ್ಲೇ ಬಹುಪಾಲು ಕರಗಿ ಹೋಗುತ್ತೆ. ಎಲೆ ಮುದುಡಿದ್ದು ಕಣ್ಣಿಗೆ ಬಿದ್ದು, ಜಗಳ ಆಗಿ, ಪಂಚಾಯ್ತಿ ಸೇರಿ, ಲ್ಯಾಬಿಗೆ ಕಳಿಸೋಣ ಅನ್ನೋ ಹೊತ್ತಿಗೆ ಸಾಕ್ಷಿನೇ ಇರಲ್ಲ. ಬೆಳೆ ಮಾತ್ರ ಹೋಗಿರುತ್ತೆ. ಅದಕ್ಕೇ ಇಂಥದ್ದು ಬದುವಿನ ಮೇಲೆ, ಅದೇ ದಿನ ಆಗಬೇಕು ಅನ್ನೋದು.

ಇನ್ನು ಈ ಮೀಟರು ಹೆಂಗೆ ಕೆಲಸ ಮಾಡುತ್ತೆ ಅನ್ನೋದು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೆಮಿಸ್ಟ್ರಿ ಓದಿರೋ ನಮ್ಮ ತಂಗಿ ಮಗನ್ನ ಕೂರಿಸ್ಕೊಂಡು ಎರಡು ಸಂಜೆ ಕೇಳಿ ತಿಳ್ಕೊಂಡಿದ್ದನ್ನ ನಮ್ಮ ಭಾಷೇಲಿ ಹೇಳ್ತೀನಿ. ಸೋಲಾರ್ ಪ್ಯಾನಲ್ ಎಲ್ರೂ ನೋಡಿದೀರ. ಬಿಸಿಲು ಬಿದ್ದರೆ ಕರೆಂಟು ಹರಿಯುತ್ತೆ. ಪ್ಯಾನಲ್ ಮೇಲೆ ಒಂದು ತೇಗದ ಎಲೆ ಬಿದ್ದರೆ ಕರೆಂಟು ಇಳಿಯುತ್ತೆ. ಈ ಪಟ್ಟಿ ಅಂದ್ರೆ ಉಗುರಗಲದ ಒಂದು ಸೋಲಾರ್ ಪ್ಯಾನಲ್. ಅದರ ಮೇಲೆ ಬೆಳಕಿಗೆ ಕರೆಂಟು ಕೊಡೋ ಪುಡಿ ಬಳಿದಿರ್ತಾರೆ. ಟೈಟಾನಿಯಂ ಡೈಆಕ್ಸೈಡ್ ಬಹಳ ಕಡೆ ಬಳಸ್ತಾರಂತೆ, ಅದು ನಮ್ಮ ಗೋಡೆಗೆ ಹೊಡೆಯೋ ಬಿಳಿ ಪೇಂಟಲ್ಲಿ ಇರೋ ಬಿಳುಪಿನ ಪುಡಿನೇ. ಅದರ ಮೇಲೆ ಒಂದೇ ಒಂದು ಔಷಧಿಯನ್ನ ಹಿಡ್ಕೊಳ್ಳೋ ಒಂದು ಪದರ ಕೂರಿಸ್ತಾರೆ. ಬೀಗಕ್ಕೆ ಕೀ ಇದ್ದಂಗೆ, ಆ ಔಷಧಿ ಕಣ ಮಾತ್ರ ಅಲ್ಲಿ ಕೂರಬೇಕು. ಕೂತರೆ ಎಲೆ ಬಿದ್ದ ಪ್ಯಾನಲ್ ಥರ ಕರೆಂಟು ಬದಲಾಗುತ್ತೆ. ಎಷ್ಟು ಬದಲಾಯ್ತು ಅಂತ ನೋಡಿ ಎಷ್ಟು ಔಷಧಿ ಇದೆ ಅಂತ ಲೆಕ್ಕ. ಕೇಳೋದು ಬೆಳಕಲ್ಲಿ, ಉತ್ತರ ಬರೋದು ಕರೆಂಟಲ್ಲಿ. ಎರಡೂ ಬೇರೆ ಬೇರೆ ಆಗಿರೋದ್ರಿಂದ ಗದ್ದಲ ಕಮ್ಮಿ, ತುಂಬ ಸಣ್ಣ ಪ್ರಮಾಣನೂ ಸಿಗುತ್ತೆ ಅನ್ನೋದು ಇದರ ಹೆಚ್ಚುಗಾರಿಕೆ.

ಇನ್ನೊಂದು ಬಗೆ ಇದೆ, ಅದು ನನಗೆ ಬಹಳ ಇಷ್ಟ ಆಯ್ತು. ಅದರಲ್ಲಿ ಪುಡಿ ಬದಲು ಪಾಲಕ್ ಸೊಪ್ಪಿನಿಂದ ತೆಗೆದ ಹಸಿರು ಪೊರೆಯನ್ನೇ ಪಟ್ಟಿಗೆ ಅಂಟಿಸ್ತಾರೆ. ಎಲೆ ಬೆಳಕು ತಗೊಂಡು ಒಳಗೊಳಗೇ ಸಣ್ಣ ಕರೆಂಟು ಹರಿಸಿ ತಾನೆ ಆಹಾರ ಮಾಡ್ಕೊಳ್ಳೋದು? ಜೋಳಕ್ಕೆ ಹಾಕೋ ಅಟ್ರಜಿನ್, ಇನ್ನು ಡೈಯುರಾನ್, ಮೆಟ್ರಿಬುಜಿನ್, ಇವೆಲ್ಲ ಕಳೆ ಕೊಲ್ಲೋದು ಆ ಕರೆಂಟಿನ ದಾರಿಗೆ ಬೆಣೆ ಹೊಡೆದೇ. ಹಾಗಾಗಿ ಪಟ್ಟಿ ಮೇಲಿನ ಹಸಿರು ಪೊರೆಗೆ ಲೈಟು ಬಿಟ್ಟಾಗ ಕರೆಂಟು ಇಳಿದರೆ, ಆ ನೀರಲ್ಲಿ ಈ ಜಾತಿ ಕಳೆನಾಶಕ ಇದೆ ಅಂತ. ಕಳೆಗೆ ಆಗೋ ತೊಂದರೆಯನ್ನೇ ಅಳತೆ ಮಾಡೋದು. ಸರಳ ಯೋಚನೆ. ತೊಂದರೆ ಏನಪ್ಪಾ ಅಂದ್ರೆ ಹಸಿರು ಪೊರೆ ಹಾಲಿನಂಗೆ, ತಂಪಲ್ಲಿ ಇಡದಿದ್ರೆ ಕೆಡುತ್ತೆ. ಏಪ್ರಿಲ್‌ನಲ್ಲಿ ನಮ್ಮ ಶೆಡ್ಡಲ್ಲಿ ಇಟ್ಟರೆ ಎಷ್ಟು ದಿನ ಬಾಳುತ್ತೆ ಹೇಳಿ.

ಇಂಥದ್ದು ಪರದೇಶದವರು ಮಾತ್ರ ಮಾಡ್ತಾರೆ ಅನ್ಕೋಬೇಡಿ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2009ರಲ್ಲೇ 2,4-ಡಿ ಪತ್ತೆಗೆ ಕ್ವಾಂಟಮ್ ಡಾಟ್ ಅನ್ನೋ ಹೊಳೆಯೋ ಅತಿ ಸಣ್ಣ ಕಣ ಬಳಸಿ ಒಂದು ವಿಧಾನ ಪ್ರಕಟಿಸಿದ್ರು. ಅದು ಕರೆಂಟಲ್ಲ, ಹೊಳಪು ಅಳೆಯೋದು. ಆದ್ರೂ ದಾರಿ ಹತ್ತಿರದ್ದೇ. ಅದಾಗಿ ಇಷ್ಟು ವರ್ಷ ಆಯ್ತು, ನಾನು ಕೇಳಿದ ಯಾವ ಅಂಗಡೀಲೂ ಅಂಥ ಒಂದು ಪಟ್ಟಿ ಸಿಗಲಿಲ್ಲ. ಹೊಸ ಕಳೆನಾಶಕ ಮಾತ್ರ ಪ್ರತಿ ಮುಂಗಾರಿಗೂ ಹೊಸ ಪೋಸ್ಟರ್ ಜೊತೆ ಬರುತ್ತೆ. ಕೊಲ್ಲೋ ಔಷಧಿ ಹಳ್ಳಿ ಮುಟ್ಟೋಕೆ ಒಂದು ಹಂಗಾಮು ಸಾಕು, ಅದನ್ನ ಅಳೆಯೋ ಸಾಮಾನು ಲ್ಯಾಬ್ ಬಾಗಿಲು ದಾಟಲ್ಲ. ಇದು ವಿಜ್ಞಾನಿಗಳ ತಪ್ಪಲ್ಲ. ಔಷಧಿ ಮಾರಿದ್ರೆ ದುಡ್ಡು ಬರುತ್ತೆ, ಅಳೆಯೋದ್ರಲ್ಲಿ ಯಾರಿಗೂ ದುಡ್ಡಿಲ್ಲ.

ಈಗ ಎಚ್ಚರಿಕೆ ಮಾತು. ಮೀಟರು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೆ. ಪಾಲಕ್ ಪೊರೆಯ ಪಟ್ಟಿಗೆ ಅಟ್ರಜಿನ್ ಕಾಣುತ್ತೆ, ಗ್ಲೈಫೋಸೇಟ್ ಹಾಗೆ ಕಾಣಲ್ಲ, ಯಾಕಂದ್ರೆ ಗ್ಲೈಫೋಸೇಟ್ ಕೊಲ್ಲೋ ದಾರಿ ಬೇರೆ. 2,4-ಡಿ ಇನ್ನೂ ಬೇರೆ, ಅದು ಗಿಡದ ಹಾರ್ಮೋನ್ ಥರ ನಟಿಸಿ ಬೆಳವಣಿಗೆ ಹದಗೆಡಿಸುತ್ತೆ. ಒಂದು ಪಟ್ಟಿ ಹಾಕಿ ಸೊನ್ನೆ ಬಂತು ಅಂತ "ನನ್ನ ಸೊಪ್ಪು ಶುದ್ಧ" ಅಂತ ಬೋರ್ಡ್ ಹಾಕಂಗಿಲ್ಲ.

ಇದಕ್ಕೆ ನಮ್ಮ ದ್ರಾಕ್ಷಿಯವರು ಮರೆಯಬಾರದ ಕಥೆ ಒಂದಿದೆ. 2010ರಲ್ಲಿ ಯೂರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಸಿಕ್ಕಿತು ಅಂತ ಕಂಟೇನರ್‌ಗಟ್ಟಲೆ ಮಾಲು ಬಂದರಲ್ಲೇ ನಿಂತಿತು. ಕ್ಲೋರ್‌ಮೆಕ್ವಾಟ್ ಅಂದ್ರೆ ನಾವು ಚಿಗುರಿನ ಓಟ ತಡೆಯೋಕೆ ಹೊಡೆಯೋ ಸಿಸಿಸಿ. ಕಳೆನಾಶಕ ಅಲ್ಲ, ಆದ್ರೆ ಪಾಠ ಅದೇ. ಮಹಾರಾಷ್ಟ್ರದ ರೈತರು ಲ್ಯಾಬಲ್ಲಿ ಪಾಸಾಗಿದ್ದ ಹಣ್ಣನ್ನೇ ಕಳಿಸಿದ್ದು. ನಮ್ಮ ಲ್ಯಾಬುಗಳು ಆಗ ಪರೀಕ್ಷೆ ಮಾಡ್ತಿದ್ದ ಪಟ್ಟಿಯಲ್ಲಿ ಆ ಹೆಸರೇ ಇರ್ಲಿಲ್ಲ. ಹುಡುಕದೇ ಇದ್ದದ್ದು ಸಿಗಲಿಲ್ಲ. ಪಟ್ಟಿ ಮಾಡಿದವರಿಗೆ ಏನೂ ಆಗಲಿಲ್ಲ, ಪೆಟ್ಟು ಬಿದ್ದಿದ್ದು ಬೆಳೆದವರಿಗೆ.

ಅಳತೆ ಎಷ್ಟು ಸಣ್ಣದು ಅನ್ನೋದೂ ಗೊತ್ತಿರಲಿ. ಬೇರೆ ಮಿತಿ ಗೊತ್ತು ಮಾಡದ ಔಷಧಿಗೆ ಯೂರೋಪಿನಲ್ಲಿ ಕೆ.ಜಿ.ಗೆ 0.01 ಮಿಲಿಗ್ರಾಂ ಮೀರಂಗಿಲ್ಲ. ಅಂದ್ರೆ ಹತ್ತು ಟನ್ನಿನ ಹತ್ತು ಲಾರಿ ಹಣ್ಣಲ್ಲಿ ಎಲ್ಲಾ ಸೇರಿ ಒಂದು ಗ್ರಾಂ. ನೀರಿನ ವಿಚಾರಕ್ಕೆ ಬಂದ್ರೆ, ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ಐಎಸ್ 10500, 2012ರದ್ದು, ಅದರಲ್ಲಿ ಲೀಟರಿಗೆ ಅಟ್ರಜಿನ್ 2 ಮೈಕ್ರೋಗ್ರಾಂ, 2,4-ಡಿ 30 ಮೈಕ್ರೋಗ್ರಾಂ ಅಂತ ಮಿತಿ ಹಾಕಿದಾರೆ. ಆ ಔಷಧಿ ಪಟ್ಟಿಯಲ್ಲಿ ಗ್ಲೈಫೋಸೇಟ್ ಹೆಸರೇ ಇಲ್ಲ. ಊರೂರಲ್ಲಿ ಅತಿ ಹೆಚ್ಚು ಹೊಡೆಯೋದು ಅದನ್ನೇ! (ಎಚ್.ಎನ್. ವ್ಯಾಲಿ ನೀರು ಕೆರೆಗೆ ಬಂದಮೇಲೆ ಈ ಮೀಟರಲ್ಲಿ ಬೋರ್ ನೀರು ನೋಡಬಹುದಾ ಅಂತ ಕೆಲವರು ಕೇಳಿದ್ರಿ. ಕಳೆನಾಶಕ ಇದ್ರೆ ನೋಡಬಹುದು. ಸಂಸ್ಕರಿಸಿದ ಕೊಳಚೆ ನೀರಿನ ಪ್ರಶ್ನೆ ಬೇರೆ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಎರಡನ್ನೂ ಕಲಸಬೇಡಿ.)

ಈಗ ನನ್ನ ಮುಖ್ಯ ಮಾತು, ಯಾರ ಕೈಗೆ ಅನ್ನೋದು.

ಹಾಲಿನ ಡೈರಿ ನೆನಪು ಮಾಡ್ಕೊಳ್ಳಿ. ಫ್ಯಾಟ್ ನೋಡೋ ಯಂತ್ರ ನಮ್ಮೂರ ಸಂಘದಲ್ಲೇ ಇದೆ. ನಮ್ಮ ಕಣ್ಣೆದುರು ಹಾಲು ಹಾಕ್ತಾರೆ, ನಂಬರ್ ನಮಗೂ ಕಾಣುತ್ತೆ, ಚೀಟಿ ಕೈಗೆ ಬರುತ್ತೆ. ಕಮ್ಮಿ ಬಂದ್ರೆ ಅಲ್ಲೇ ನಿಂತು ಇನ್ನೊಂದ್ಸಲ ನೋಡಿ ಅಂತ ಕೇಳಬಹುದು. ಅದೇ ಯಂತ್ರ ದೂರದ ಪಟ್ಟಣದಲ್ಲಿ ಮಾತ್ರ ಇದ್ದು, ಹಾಲು ಹೋದಮೇಲೆ "ನಿಮ್ಮದು ಫ್ಯಾಟ್ ಇಲ್ಲ" ಅಂತ ಫೋನ್ ಬಂದಿದ್ರೆ ಹೆಂಗಿರ್ತಿತ್ತು? ಕಳೆನಾಶಕದ ಮೀಟರು ಮೊದಲು ಮಂಡಿಗೆ ಬಂದ್ರೆ ಹಂಗೇ ಆಗೋದು. ಹಣ್ಣು ಕುಯ್ದು, ಕ್ರೇಟಿಗೆ ತುಂಬಿ, ಬಾಡಿಗೆ ಕೊಟ್ಟು ತಗೊಂಡು ಹೋದಮೇಲೆ ವ್ಯಾಪಾರಿ ಡಬ್ಬಿ ತೆಗೆದು ಒಂದು ನಂಬರ್ ತೋರಿಸ್ತಾನೆ. ಅದು ಸರಿನಾ ತಪ್ಪಾ, ಪಟ್ಟಿ ಹಳೇದಾ, ಹಿಂದಿನ ಲೋಡಿನ ಕೊಳೆ ಅಂಟಿದೆಯಾ ಅಂತ ಕೇಳೋಕೆ ನಮಗೆ ಬಾಯಿ ಇರಲ್ಲ. ಕುಯ್ದ ದ್ರಾಕ್ಷಿ ವಾಪಸ್ ಬಳ್ಳಿಗೆ ಅಂಟಲ್ಲ. ಅವನು ಹೇಳಿದ ರೇಟಿಗೆ ಕೊಟ್ಟು ಬರಬೇಕು. ಇಂಥ ಮೀಟರು ನೂರಕ್ಕೆ ನೂರು ಕರಾರುವಾಕ್ಕಾಗಿ ಇರೋದೂ ಇಲ್ಲ. ಲ್ಯಾಬಿನ ಶುದ್ಧ ನೀರಲ್ಲಿ ಚೆನ್ನಾಗಿ ಓದೋ ಪಟ್ಟಿ, ಎಲೆ ರಸ, ಕೆಮ್ಮಣ್ಣಿನ ನೀರು ಬಿದ್ದಾಗ ದಾರಿ ತಪ್ಪಬಹುದು. ರಸದ ಜಿಡ್ಡು ಅಂಟಿದ್ರೂ ಕರೆಂಟು ಇಳಿಯುತ್ತೆ. ಅದಕ್ಕೇ ನಾನು ಹೇಳೋದು, ಕೈಮೀಟರ್ ಹೇಳಿದ್ದು ಅನುಮಾನ ಅಷ್ಟೇ, ತೀರ್ಪಲ್ಲ. ಅದು ಇದೆ ಅಂದ್ರೆ ಲ್ಯಾಬಿಗೆ ಕಳಿಸಿ ಖಾತ್ರಿ ಮಾಡ್ಕೊಂಡೇ ರೇಟಿನ ಮಾತು ಆಡಬೇಕು.

1968ರ ಕೀಟನಾಶಕ ಕಾಯ್ದೆಯಲ್ಲಿ ಒಂದು ಒಳ್ಳೆ ನಿಯಮ ಇದೆ. ಕಳೆನಾಶಕಕ್ಕೂ ಅದೇ ಕಾಯ್ದೆ. ಇನ್ಸ್‌ಪೆಕ್ಟರ್ ಅಂಗಡಿಯಲ್ಲಿ ಔಷಧಿ ಮಾದರಿ ತೆಗೆದಾಗ ಅದನ್ನ ಮೂರು ಪಾಲು ಮಾಡಿ ಸೀಲ್ ಹಾಕಿ ಒಂದು ಪಾಲನ್ನ ಅಂಗಡಿಯವನಿಗೇ ಕೊಡಬೇಕು. ನಾಳೆ ಫಲಿತಾಂಶಕ್ಕೆ ತಕರಾರು ಬಂದ್ರೆ ಅವನ ಹತ್ರನೂ ಮಾದರಿ ಇರಲಿ ಅಂತ. ನ್ಯಾಯವಾಗಿದೆ. ಮಾರೋ ಅಂಗಡಿಯವನಿಗೆ ಇರೋ ಈ ರಕ್ಷಣೆ, ಹಣ್ಣು ತಗೊಂಡು ಹೋದ ರೈತನಿಗೆ ಮಂಡಿಯಲ್ಲಿ ಯಾಕೆ ಇರಬಾರದು? ನಮ್ಮ ಹಣ್ಣು, ನಮ್ಮ ಸೊಪ್ಪು ಯಾರೇ ಪರೀಕ್ಷೆ ಮಾಡಲಿ, ಮೂರು ಪಾಲು ಆಗಲಿ, ಒಂದು ನಮಗೆ ಕೊಡಲಿ. ಈ ಒಂದು ಮಾತನ್ನ ಮೀಟರು ಬರೋಕೆ ಮುಂಚೆನೇ ನಾವು ಗಟ್ಟಿಯಾಗಿ ಕೇಳಬೇಕು. ಬಂದಮೇಲೆ ಕೇಳಿದ್ರೆ ಕಳ್ಳ ಅಂತಾರೆ.

ಹಾಗಾದ್ರೆ ಎಲ್ಲಿಡಬೇಕು? ನನ್ನ ಕೇಳಿದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಒಂದು, ಚಾಕಿ ಸಾಕಾಣಿಕೆ ಕೇಂದ್ರದಲ್ಲಿ ಒಂದು. ಚಿಂತಾಮಣಿ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಪಟ್ಟಿ ಸರಿ ಇದೆಯಾ ಅಂತ ಆಗಾಗ ತಾಳೆ ನೋಡಲಿ. ಅಲ್ಲೇ ರೇಷ್ಮೆ ಕೃಷಿ ಕಾಲೇಜೂ ಇದೆ, ಹುಡುಗರಿಗೂ ಕೆಲಸ ಕಲಿತಂಗೆ ಆಗುತ್ತೆ. ಚಾಕಿ ಕೇಂದ್ರ ಅಂತ ಯಾಕೆ ಹೇಳಿದೆ ಅಂದ್ರೆ, ಒಂದು ಕೇಂದ್ರದ ಸೊಪ್ಪು ಕೆಟ್ಟರೆ ಹತ್ತಾರು ಮನೆ ಹುಳ ಕೆಡುತ್ತೆ. ಹುಳ ಐದನೇ ಹಂತದಲ್ಲಿ ಒಟ್ಟು ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತು ಭಾಗ ತಿನ್ನುತ್ತೆ. ನಾಲ್ಕನೇ ಜ್ವರ ಎದ್ದಮೇಲೆ ತೂಕ ಬರದಿದ್ರೆ ನಾವೇನು ಮಾಡ್ತೀವಿ? ಮೊಟ್ಟೆ ಸರಿ ಇಲ್ಲ ಅಂತೀವಿ, ಸೊಪ್ಪು ಬಲಿತಿತ್ತು ಅಂತೀವಿ, ಶೆಡ್ಡು ಬಿಸಿ ಅಂತೀವಿ, ದೃಷ್ಟಿ ಅಂತೀವಿ. ಸೊಪ್ಪಿನ ಮೇಲೆ ಏನಿತ್ತು ಅಂತ ನೋಡಿದೋರು ಯಾರೂ ಇಲ್ಲ.

ನಮ್ಮ ಕೈಯನ್ನೂ ಈ ಮೀಟರು ತೋರಿಸುತ್ತೆ, ಅದಕ್ಕೂ ಸಿದ್ಧ ಇರಬೇಕು. ಗ್ಲೈಫೋಸೇಟ್ ಲೇಬಲ್ ಓದಿ ನೋಡಿ, ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಇರೋದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಹಿಪ್ಪುನೇರಳೆ ಅಂತ ಎಲ್ಲೂ ಬರೆದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪೆಸ್ಟ್ ಕಂಟ್ರೋಲ್ ಆಪರೇಟರ್ ಬಿಟ್ಟು ಬೇರೆ ಯಾರೂ ಅದನ್ನ ಬಳಸಂಗಿಲ್ಲ ಅಂತ ಆದೇಶನೂ ಹೊರಡಿಸ್ತು. ಆದ್ರೂ ಕಡ್ಡಿ ಕತ್ತರಿಸಿದ ಮೇಲೆ ಸಾಲಿನ ಮಧ್ಯೆ ಗರಿಕೆಗೆ, ಜೇಕಿಗೆ ಹೊಡೆಯೋರು ಹೊಡೀತಾನೇ ಇದಾರೆ. ಬೈಯೋಕೆ ನನಗೆ ಮನಸ್ಸಿಲ್ಲ. ಕೂಲಿ ಕೊಡ್ತೀನಿ ಅಂದ್ರೂ ಕಳೆ ಕೀಳೋಕೆ ಆಳು ಬರಲ್ಲ, ಜೇಕು ಕುಂಟೆಗೆ ಸಾಯಲ್ಲ. ಆದ್ರೆ ಮೀಟರು ಬಂದ ದಿನ ಪಕ್ಕದವನ 2,4-ಡಿ ಮಾತ್ರ ತೋರಿಸು, ನನ್ನ ಗ್ಲೈಫೋಸೇಟ್ ಬೇಡ ಅಂತ ಅದಕ್ಕೆ ಹೇಳೋಕಾಗಲ್ಲ. ಇನ್ನೊಂದು, ಮೀಟರು ಔಷಧಿ ಇದೆ ಅಂತ ಹೇಳುತ್ತೆ, ಯಾರ ಟ್ಯಾಂಕಿಂದ ಬಂತು ಅಂತ ಹೇಳಲ್ಲ. ಎಷ್ಟೋ ಸಲ ಅದು ನಮ್ಮದೇ ಟ್ಯಾಂಕು. ಕಳೆನಾಶಕ ಹೊಡೆದ ಸ್ಪ್ರೇಯರನ್ನ ಎರಡು ಸಲ ನೀರು ಕುಲುಕಿ ಚೆಲ್ಲಿ, ಅದರಲ್ಲೇ ದ್ರಾಕ್ಷಿಗೆ ಬೂದಿರೋಗದ ಔಷಧಿ ಹೊಡೆಯೋರು ಇದಾರೆ. ಕಳೆನಾಶಕಕ್ಕೆ ಬೇರೆ ಸ್ಪ್ರೇಯರ್ ಇಟ್ಕೊಳ್ಳಿ, ಕೆಂಪು ಬಣ್ಣ ಹೊಡೆದಿಡಿ.

ಮೀಟರು ಬರೋವರೆಗೂ ಕೈ ಕಟ್ಕೊಂಡು ಕೂರಬೇಕಾಗಿಲ್ಲ. ಜೋಳ ತೆಗೆದ ಹೊಲಕ್ಕೆ ಟೊಮೆಟೊ, ಹುರುಳಿಕಾಯಿ ಇಡೋರು ಇದನ್ನ ಮಾಡಿ. ಅಟ್ರಜಿನ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಹೊಲದ ನಾಲ್ಕೈದು ಕಡೆಯಿಂದ ಮೇಲ್ಮಣ್ಣು ತಂದು ಕಲಸಿ ಎರಡು ಕುಂಡಕ್ಕೆ ತುಂಬಿ. ಇನ್ನೆರಡು ಕುಂಡಕ್ಕೆ ಯಾವತ್ತೂ ಕಳೆನಾಶಕ ಬೀಳದ ಮಣ್ಣು, ಅದೇ ಕೆಮ್ಮಣ್ಣು. ಎಲ್ಲದಕ್ಕೂ ಸೌತೆ ಬೀಜ ಹಾಕಿ ಒಳ್ಳೆ ಬಿಸಿಲಲ್ಲಿ ಇಡಿ, ನೆರಳಲ್ಲಿ ಇಟ್ಟರೆ ಸರಿಯಾಗಿ ಗೊತ್ತಾಗಲ್ಲ. ಅಟ್ರಜಿನ್ ಇದ್ರೂ ಬೀಜ ಮೊಳೆಯುತ್ತೆ, ಅದಕ್ಕೇ ಮೊಳಕೆ ನೋಡಿ ಮೋಸ ಹೋಗಬೇಡಿ. ಮೂರು ವಾರ ಕಾಯಿರಿ. ನಿಜವಾದ ಎಲೆ ಬಂದಮೇಲೆ ಅಂಚಿಂದ ಹಳದಿಯಾಗಿ ಸುಟ್ಟಂಗೆ ಆದ್ರೆ, ಪಕ್ಕದ ಕುಂಡದಲ್ಲಿ ಹಸಿರಾಗೇ ಇದ್ರೆ, ಆ ಹೊಲಕ್ಕೆ ಈ ಸಲ ಟೊಮೆಟೊ ಬೇಡ, ಜೋಳನೇ ಇಡಿ. ಇದೂ ಬೆಳಕಿಂದ ನಡೆಯೋ ಪರೀಕ್ಷೆನೇ, ಎಲ್‌ಇಡಿ ಬದಲು ಸೂರ್ಯ. ಸೊಪ್ಪಿನ ಬಗ್ಗೆ ಅನುಮಾನ ಇದ್ರೆ ಇಡೀ ತಟ್ಟೆಗೆ ಹಾಕೋಕೆ ಮುಂಚೆ ಹತ್ತಿಪ್ಪತ್ತು ಹುಳ ಬೇರೆ ಇಟ್ಟು ಅವಕ್ಕೆ ಹಾಕಿ ಒಂದು ದಿನ ನೋಡಿ.

ಪಕ್ಕದವರ ಸ್ಪ್ರೇ ತಾಗಿದೆ ಅನ್ನಿಸಿದ ದಿನವೇ ಫೋಟೋ ತೆಗೀರಿ. ಯಾವ ಕಡೆಯಿಂದ ಗಾಳಿ, ಎಷ್ಟು ಗಂಟೆ, ಯಾವ ಬದುವಿನ ಸಾಲಲ್ಲಿ ಜಾಸ್ತಿ ಅಂತ ಚೀಟಿಯಲ್ಲಿ ಬರೀರಿ. ವೈರಸ್ ಆದ್ರೆ ಅಲ್ಲೊಂದು ಇಲ್ಲೊಂದು ಗಿಡ ಮೊದಲು ಕಾಣುತ್ತೆ, ಸ್ಪ್ರೇ ಆದ್ರೆ ಬದುವಿನ ಕಡೆ ಜಾಸ್ತಿ, ಒಳಗೆ ಹೋದಂಗೆ ಕಮ್ಮಿ. ಮೂರು ಹೊಸ ಕವರಿಗೆ ಚಿಗುರು ಹಾಕಿ ಫ್ರಿಜ್ಜಲ್ಲಿ ಇಡಿ, ಒಂದನ್ನ ಆ ಪಕ್ಕದವರಿಗೇ ಕೊಡಿ, ಜಗಳ ಅರ್ಧ ಅಲ್ಲೇ ತಣ್ಣಗಾಗುತ್ತೆ. ಚಿಗುರು ಕೀಳೋಕೆ ಮುಂಚೆ ಕೈ ಸೋಪು ಹಾಕಿ ತೊಳ್ಕೊಳ್ಳಿ. ಅವತ್ತು ನೀವೇ ಯಾವುದಾದ್ರೂ ಔಷಧಿ ಹೊಡೆದಿದ್ರೆ ಬೇರೆಯವರ ಕೈಲಿ ಕೀಳಿಸಿ.